ಲಿನಕ್ಸ್ ಡಿಸ್ಕನ್ನು ವಿಂಡೋಸ್, ಮ್ಯಾಕ್‌ಗಳಲ್ಲಿ ಓದುವುದು ಹೇಗೆ?

ಲಿನಕ್ಸ್‌ನಲ್ಲಿ ಬಳಸುತ್ತಿದ್ದ ಹಾರ್ಡ್ ಡಿಸ್ಕನ್ನು ವಿಂಡೋಸ್ ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಏನೂ ಕಾಣಿಸುವುದಿಲ್ಲ. ಇಲ್ಲವೇ, ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿಂಡೋಸ್ ಕೇಳುತ್ತದೆ. ಅದೇ ಡಿಸ್ಕನ್ನು ಮ್ಯಾಕ್‌ಗೆ ಹಾಕಿದರೆ, ಓದಲು ಆಗುತ್ತಿಲ್ಲ ಎಂದು ಹೇಳಿ ಇನಿಷಿಯಲೈಸ್, ಇಗ್ನೋರ್, ಇಜೆಕ್ಟ್ ಎಂಬ ಮೂರು ಬಟನ್ ಮುಂದಿಡುತ್ತದೆ.

ಅಲ್ಲಿ ಆತುರ ಬೇಡ. ವಿಂಡೋಸ್‌ನಲ್ಲಿ ಕ್ಯಾನ್ಸಲ್ ಒತ್ತಿ. ಮ್ಯಾಕ್‌ನಲ್ಲಿ ಇಗ್ನೋರ್ ಒತ್ತಿ. ಇಷ್ಟಕ್ಕೇ ಡಿಸ್ಕ್ ಕೆಟ್ಟಿದೆ ಅಂದುಕೊಳ್ಳಬೇಕಿಲ್ಲ. ಒಳಗಿನ ಫೋಟೋ, ದಾಖಲೆ ಎಲ್ಲ ಇದ್ದ ಹಾಗೇ ಇರುತ್ತವೆ. ಅವನ್ನು ಜೋಡಿಸಿಟ್ಟಿರುವ ಕ್ರಮ ಈ ಕಂಪ್ಯೂಟರಿಗೆ ಗೊತ್ತಿಲ್ಲ, ಅಷ್ಟೇ. ಗುರುತು ಸಿಗದ ಡಿಸ್ಕ್ ಬೇರೆ, ಖಾಲಿ ಡಿಸ್ಕ್ ಬೇರೆ. ಎರಡಕ್ಕೂ ಒಂದೇ ಪ್ರಶ್ನೆ ಕೇಳುವುದು ತಪ್ಪು ಎಂದೇ ನನ್ನ ಅಭಿಪ್ರಾಯ. ಗೊತ್ತಿಲ್ಲದವರು ಸಹಜವಾಗಿಯೇ ಹೂಂ ಅಂದುಬಿಡುತ್ತಾರೆ.

ವಿಂಡೋಸ್ ಎಲ್ಲಿ ನೋಡುತ್ತದೆ?

ಡಿಸ್ಕಿನ ಮೇಲೆ ಫೈಲ್, ಫೋಲ್ಡರ್ ಅಂತ ಬೇರೆ ಬೇರೆ ವಸ್ತುಗಳಿಲ್ಲ. ಅಲ್ಲಿರುವುದು ಸಾಲಾಗಿ ಸಂಖ್ಯೆ ಹಾಕಿದ ಸೆಕ್ಟರ್‌ಗಳು. ಯಾವ ಫೈಲಿನ ಯಾವ ತುಂಡು ಯಾವ ಸೆಕ್ಟರ್‌ನಲ್ಲಿದೆ, ಅದರ ಹೆಸರೇನು, ಅದನ್ನು ಯಾರು ಓದಬಹುದು ಎಂಬ ಲೆಕ್ಕ ಇಡುವ ಪದ್ಧತಿಯೇ ಫೈಲ್ ಸಿಸ್ಟಮ್. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ 1993ರಲ್ಲಿ ವಿಂಡೋಸ್ ಎನ್‌ಟಿ ಜೊತೆ ಬಂತು. ಲಿನಕ್ಸ್‌ಗೆ ಅಂತಲೇ 1992ರಲ್ಲಿ ರೆಮಿ ಕಾರ್ಡ್ ಇಎಕ್ಸ್‌ಟಿ ಎಂಬ ಫೈಲ್ ಸಿಸ್ಟಮ್ ಬರೆದರು. ಮರುವರ್ಷವೇ ಇಎಕ್ಸ್‌ಟಿ2 ಬಂತು. 2001ರಲ್ಲಿ ಜರ್ನಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ಭಾಗ) ಸೇರಿಸಿಕೊಂಡ ಇಎಕ್ಸ್‌ಟಿ3 ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ ಸೇರಿತು. 2008ರ ಕೊನೆಗೆ ಇಎಕ್ಸ್‌ಟಿ4 ಬಳಕೆಗೆ ಸಿದ್ಧವಾಯಿತು. ಈಗ ಲಿನಕ್ಸ್ ಡಿಸ್ಕ್ ಅಂದರೆ ಬಹಳ ಸಲ ಇಎಕ್ಸ್‌ಟಿ4 ಅಂತಲೇ ಅರ್ಥ.

ಎನ್‌ಟಿಎಫ್‌ಎಸ್ ಮತ್ತು ಪೆನ್‌ಡ್ರೈವ್‌ಗಳಲ್ಲಿ ಬಳಸುವ ಎಕ್ಸ್‌ಫ್ಯಾಟ್ ತಮ್ಮ ಹೆಸರನ್ನು ಪಾರ್ಟಿಷನ್ನಿನ, ಅಂದರೆ ಡಿಸ್ಕಿನ ಒಂದು ವಿಭಾಗದ, ಮೊದಲ ಸೆಕ್ಟರ್‌ನಲ್ಲೇ ಬರೆದಿಡುತ್ತವೆ. ವಿಂಡೋಸ್ ಹುಡುಕುವುದು ಆ ಗುರುತನ್ನೇ. ಇಎಕ್ಸ್‌ಟಿ4 ಹಾಗಲ್ಲ. ಅದು ಮೊದಲ 1024 ಬೈಟ್‌ಗಳನ್ನು ಬೂಟ್ ಲೋಡರ್‌ಗೆ (ಕಂಪ್ಯೂಟರನ್ನು ಶುರು ಮಾಡಿಸುವ ಪುಟ್ಟ ಪ್ರೋಗ್ರಾಮ್) ಬೇಕಾದೀತು ಅಂತ ಮುಟ್ಟದೆ ಬಿಡುತ್ತದೆ. ಅದರ ಮುಖ್ಯ ದಾಖಲೆಯಾದ ಸೂಪರ್‌ಬ್ಲಾಕ್ ಶುರುವಾಗುವುದೇ ಆಮೇಲೆ. ಅದರೊಳಗೆ 56 ಬೈಟ್ ಮುಂದೆ ಹೋದರೆ ಇಎಫ್53 ಎಂಬ ಗುರುತಿನ ಸಂಖ್ಯೆ ಸಿಗುತ್ತದೆ. ಲಿನಕ್ಸ್ ಅದನ್ನು ನೋಡಿ ಇದು ನಮ್ಮದು ಎಂದು ತಿಳಿಯುತ್ತದೆ. ವಿಂಡೋಸ್ ಅಷ್ಟು ದೂರ ಹೋಗುವುದಿಲ್ಲ. ಮೊದಲ ಸೆಕ್ಟರ್‌ನಲ್ಲಿ ಪರಿಚಿತ ಗುರುತು ಸಿಗದಿದ್ದರೆ ‘ರಾ’ ಎಂದು ಹೆಸರಿಟ್ಟು ಫಾರ್ಮ್ಯಾಟ್ ಮಾತು ಎತ್ತುತ್ತದೆ.

ಹಾಗಾದರೆ ಕೆಲವು ಡಿಸ್ಕ್‌ಗಳಿಗೆ ಪ್ರಶ್ನೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ, ಯಾಕೆ? ಇದಕ್ಕೆ ಪಾರ್ಟಿಷನ್ ಪಟ್ಟಿಯೂ ಕಾರಣ. ಪ್ರತಿ ಪಾರ್ಟಿಷನ್ ಯಾವ ಬಗೆಯದು ಎಂಬ ಸಂಕೇತ ಆ ಪಟ್ಟಿಯಲ್ಲಿರುತ್ತದೆ. ಈ ಪಟ್ಟಿ ಬರೆಯುವ ಜಿಪಿಟಿ ಎಂಬ ಪದ್ಧತಿಯಲ್ಲಿ ಮೊದಮೊದಲು ಲಿನಕ್ಸ್ ಸಲಕರಣೆಗಳು ವಿಂಡೋಸ್ ಡೇಟಾ ಪಾರ್ಟಿಷನ್ನಿನ ಸಂಕೇತವನ್ನೇ ಬಳಸುತ್ತಿದ್ದವು. ವಿಂಡೋಸ್ ಅದನ್ನು ತನ್ನದೇ ಅಂದುಕೊಂಡು ಡ್ರೈವ್ ಅಕ್ಷರ ಕೊಟ್ಟು, ಒಳಗೆ ಏನೂ ಅರ್ಥವಾಗದೆ ಫಾರ್ಮ್ಯಾಟ್ ಕೇಳುತ್ತಿತ್ತು. ಈ ಅಪಾಯ ತಪ್ಪಿಸಲೆಂದೇ ಆಮೇಲೆ ಲಿನಕ್ಸ್‌ಗೆ ಬೇರೆ ಸಂಕೇತ ಬಂತು. ಆ ಸಂಕೇತವಿರುವ ಒಳಗಿನ ಡಿಸ್ಕ್‌ಗಳನ್ನು ವಿಂಡೋಸ್ ಸುಮ್ನೆ ಬಿಟ್ಟುಬಿಡುತ್ತದೆ. ಆದರೆ ಮೆಮರಿ ಕಾರ್ಡ್‌ಗಳ ವಿಷಯದಲ್ಲಿ ಈಗಲೂ ಪ್ರಶ್ನೆ ಬರುವುದುಂಟು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕಾರ್ಡ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರಲ್ಲಿ ಬೂಟ್‌ಗೆ ಬೇಕಾದ ಚಿಕ್ಕ ಫ್ಯಾಟ್32 ಭಾಗ ಒಂದು, ಉಳಿದದ್ದು ಇಎಕ್ಸ್‌ಟಿ4. ವಿಂಡೋಸ್‌ಗೆ ಚಿಕ್ಕದು ಮಾತ್ರ ತೆರೆಯುತ್ತದೆ. ದೊಡ್ಡದನ್ನು ಫಾರ್ಮ್ಯಾಟ್ ಮಾಡಿದರೆ ಇಡೀ ವ್ಯವಸ್ಥೆಯೇ ಹೋಯಿತು.

ಮೊದಲು ಡಿಸ್ಕಿನಲ್ಲಿ ಏನಿದೆ ನೋಡಿ

ಎಲ್ಲ ಲಿನಕ್ಸ್ ಡಿಸ್ಕ್‌ಗಳೂ ಇಎಕ್ಸ್‌ಟಿ4 ಅಲ್ಲ. ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್ ಕೂಡ ಚಾಲ್ತಿಯಲ್ಲಿವೆ. ಫೈಲ್ ಸಿಸ್ಟಮ್‌ನ ಕೆಳಗೆ ಇನ್ನೊಂದು ಪದರವೂ ಇರಬಹುದು. ಹಲವು ಡಿಸ್ಕ್‌ಗಳನ್ನು ಒಂದಾಗಿ ಕಾಣಿಸುವ ಎಲ್‌ವಿಎಂ, ರೇಡ್, ಗೂಢಲಿಪಿ ಮಾಡುವ ಲಕ್ಸ್ ಇಂಥವು. ಇನ್‌ಸ್ಟಾಲ್ ಮಾಡುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡು ಎಂದು ಆರಿಸಿಕೊಂಡಿದ್ದರೆ ಅಲ್ಲಿ ಲಕ್ಸ್ ಇರುತ್ತದೆ. ಪಾಸ್‌ವರ್ಡ್ ಇಲ್ಲದೆ ಯಾವ ಸಾಫ್ಟ್‌ವೇರ್‌ಗೂ ಅದನ್ನು ಓದಲು ಆಗುವುದಿಲ್ಲ. ಮನೆ, ಕಚೇರಿಗಳಲ್ಲಿ ನೆಟ್‌ವರ್ಕ್ ಮೇಲೆ ಫೈಲ್ ಒದಗಿಸುವ ನ್ಯಾಸ್ ಪೆಟ್ಟಿಗೆಯಿಂದ ತೆಗೆದ ಡಿಸ್ಕ್ ಆದರೆ ಹೆಚ್ಚಾಗಿ ಲಿನಕ್ಸ್ ರೇಡ್ ಇರುತ್ತದೆ, ಅದರ ಮೇಲೆ ಇಎಕ್ಸ್‌ಟಿ4 ಅಥವಾ ಬಿಟಿಆರ್‌ಎಫ್‌ಎಸ್. ಡೇಟಾ ಹಲವು ಡಿಸ್ಕ್‌ಗಳಲ್ಲಿ ಹಂಚಿಹೋಗಿದ್ದರೆ ಒಂದನ್ನೇ ಹಾಕಿ ಏನೂ ಪ್ರಯೋಜನವಿಲ್ಲ. ಎರಡರಲ್ಲೂ ಒಂದೇ ಪ್ರತಿ ಇಡುವ ರೇಡ್ 1 ಆಗಿದ್ದರೆ ಒಂದೇ ಸಾಕು.

ಇನ್ನೊಂದು ಮಾತು. ಆ ಲಿನಕ್ಸ್ ಕಂಪ್ಯೂಟರ್ ಇನ್ನೂ ಓಡುತ್ತಿದೆಯಾ? ಹಾಗಿದ್ದರೆ ಡಿಸ್ಕ್ ಬಿಚ್ಚಲೇಬೇಡಿ. ಎರಡು ಕಂಪ್ಯೂಟರ್‌ಗಳನ್ನೂ ಒಂದೇ ನೆಟ್‌ವರ್ಕ್‌ಗೆ ಸೇರಿಸಿ. ಸಾಂಬಾ ಎಂಬ ಸಾಫ್ಟ್‌ವೇರ್ ಮೂಲಕ ಫೋಲ್ಡರ್ ಹಂಚಿಕೊಳ್ಳಿ, ಇಲ್ಲವೇ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೇಲೆ ಫೈಲ್ ಎಳೆದುಕೊಳ್ಳಿ. ಆಗ ಡಿಸ್ಕನ್ನು ಓದುವುದು ಲಿನಕ್ಸೇ. ವಿಂಡೋಸ್‌ಗೆ ಬರೀ ಫೈಲ್ ಸಿಗುತ್ತದೆ. ಅದು ಯಾವ ಫೈಲ್ ಸಿಸ್ಟಮ್‌ನಿಂದ ಬಂತು ಎಂಬುದು ಅದಕ್ಕೆ ಬೇಕಾಗಿಯೇ ಇಲ್ಲ.

ನಾನು ಈ ಲೇಖನದಲ್ಲಿ ಒತ್ತಿ ಹೇಳಬೇಕೆಂದಿರುವುದೂ ಇದನ್ನೇ. ಲಿನಕ್ಸ್ ಡಿಸ್ಕನ್ನು ಲಿನಕ್ಸ್ ಕೈಯಲ್ಲೇ ಓದಿಸುವುದು ಎಲ್ಲಕ್ಕಿಂತ ಕ್ಷೇಮ. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿದ ಮೇಲೂ ಇದು ಸಾಧ್ಯ.

ಪೆನ್‌ಡ್ರೈವ್‌ನಲ್ಲಿ ಲಿನಕ್ಸ್

ಒಂದೇ ಸಲ ಫೈಲ್ ತೆಗೆದುಕೊಂಡರೆ ಸಾಕು ಅನ್ನುವವರಿಗೆ ಈ ದಾರಿ ಸುಲಭ. ಉಬುಂಟುವಿನಂಥ ಯಾವುದಾದರೂ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ, ಕಂಪ್ಯೂಟರನ್ನು ಅದರಿಂದಲೇ ಶುರು ಮಾಡಿ. ಇನ್‌ಸ್ಟಾಲ್ ಮಾಡದೆ ಪ್ರಯತ್ನಿಸು ಎಂಬ ಆಯ್ಕೆ ಇರುತ್ತದೆ. ಅದನ್ನು ಆರಿಸಿದರೆ ನಿಮ್ಮ ವಿಂಡೋಸ್‌ಗೆ ಏನೂ ಆಗುವುದಿಲ್ಲ. ಫೈಲ್ ಮ್ಯಾನೇಜರ್‌ನಲ್ಲಿ ಹಳೆಯ ಡಿಸ್ಕ್ ಕಾಣಿಸುತ್ತದೆ. ಒತ್ತಿದರೆ ತೆರೆಯುತ್ತದೆ. ಲಕ್ಸ್ ಇದ್ದರೆ ಪಾಸ್‌ವರ್ಡ್ ಕೇಳುತ್ತದೆ. ಬೇಕಾದ್ದನ್ನು ಎಕ್ಸ್‌ಫ್ಯಾಟ್ ಇರುವ ಇನ್ನೊಂದು ಡಿಸ್ಕ್‌ಗೆ ನಕಲು ಮಾಡಿಕೊಂಡರೆ ಆಯಿತು.

ಒಂದು ಎಚ್ಚರಿಕೆ. ವಿಂಡೋಸ್ ಡ್ರೈವ್‌ಗೆ ಬಿಟ್‌ಲಾಕರ್ (ವಿಂಡೋಸ್‌ನದೇ ಎನ್‌ಕ್ರಿಪ್ಷನ್) ಹಾಕಿದ್ದರೆ ಲಿನಕ್ಸ್‌ನಿಂದ ಅದರೊಳಗೆ ನೇರ ನಕಲು ಮಾಡಲು ಆಗುವುದಿಲ್ಲ. ಕೀಲಿ ಕೊಡಬೇಕಾಗುತ್ತದೆ. ಕಂಪ್ಯೂಟರ್ ಶುರುವಾಗುವಾಗಿನ ಭದ್ರತೆಯಾದ ಸೆಕ್ಯೂರ್ ಬೂಟ್ ಸೆಟ್ಟಿಂಗ್ ಬದಲಾಯಿಸಿದರೆ ಮುಂದಿನ ಸಲ ವಿಂಡೋಸ್ ಕೂಡ ರಿಕವರಿ ಕೀಲಿ ಕೇಳಬಹುದು. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ವಿಂಡೋಸ್ ಒಳಗೇ ಲಿನಕ್ಸ್

ಪದೇ ಪದೇ ಈ ಕೆಲಸ ಇರುವವರಿಗೆ ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ದೊಡ್ಡ ಅನುಕೂಲ. ಮೈಕ್ರೋಸಾಫ್ಟ್ ಇದನ್ನು 2020ರಲ್ಲಿ ವಿಂಡೋಸ್ 10ರ ಜೊತೆ ಎಲ್ಲರಿಗೂ ಕೊಟ್ಟಿತು. ಇದರ ಮೊದಲ ಆವೃತ್ತಿ ಲಿನಕ್ಸ್ ಆದೇಶಗಳನ್ನು ವಿಂಡೋಸ್ ಆದೇಶಗಳಾಗಿ ಬದಲಿಸುತ್ತಿತ್ತು. ಎರಡನೆಯದು ಹಾಗಲ್ಲ. ಅದರಲ್ಲಿ ನಿಜವಾದ ಲಿನಕ್ಸ್ ಕರ್ನಲ್ ಒಂದು ಪುಟ್ಟ ವರ್ಚುವಲ್ ಮೆಷೀನ್‌ನಲ್ಲಿ, ಅಂದರೆ ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರಿನಲ್ಲಿ, ಓಡುತ್ತದೆ. ನಿಜವಾದ ಕರ್ನಲ್ ಅಂದಮೇಲೆ ಇಎಕ್ಸ್‌ಟಿ4 ಓದಿ ಬರೆಯುವ ನಿಜವಾದ ಡ್ರೈವರ್ ಕೂಡ ಇದೆ ಅಲ್ವಾ? ಇಡೀ ಡಿಸ್ಕನ್ನು ಅದರ ಕೈಗೆ ಕೊಡುವ ಮೌಂಟ್ ಆದೇಶ ವಿಂಡೋಸ್ 11ರಲ್ಲಿದೆ. ವಿಂಡೋಸ್ 10 ಇದ್ದವರು ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ಸಿಗುತ್ತದೆ.

ನಡೆಯುವುದು ಹೀಗೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನಿಮ್ಮ ಡಿಸ್ಕಿನ ಸಂಖ್ಯೆ ಎಷ್ಟು ಎಂದು ನೋಡಿ. ಡಿಸ್ಕ್ 1 ಎಂದಿದ್ದರೆ ವಿಂಡೋಸ್ ಒಳಗೆ ಅದರ ಹೆಸರು ಫಿಸಿಕಲ್‌ಡ್ರೈವ್ 1. ಇಲ್ಲೇ ಇನಿಷಿಯಲೈಸ್ ಮಾಡಲೇ ಎಂಬ ಪ್ರಶ್ನೆ ಬಂದರೆ ಬೇಡ ಎನ್ನಿ. ಪಾರ್ಟಿಷನ್ ಪಟ್ಟಿ ಇಲ್ಲದ ಡಿಸ್ಕ್‌ಗಳಿಗೆ ಅದು ಹಾಗೆ ಕೇಳುತ್ತದೆ. ಆಮೇಲೆ ವಿಂಡೋಸ್‌ನಲ್ಲಿ ಆದೇಶ ಟೈಪ್ ಮಾಡುವ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ. ಡಬ್ಲ್ಯುಎಸ್‌ಎಲ್ ಆದೇಶದ ಜೊತೆ ಮೌಂಟ್ ಆಯ್ಕೆ, ಡಿಸ್ಕಿನ ಹೆಸರು, ಪಾರ್ಟಿಷನ್ ಸಂಖ್ಯೆ ಇಷ್ಟನ್ನು ಕೊಡಿ. ಫೈಲ್ ಸಿಸ್ಟಮ್ ಯಾವುದೆಂದು ಹೇಳದಿದ್ದರೆ ಅದು ಇಎಕ್ಸ್‌ಟಿ4 ಅಂತಲೇ ಎಣಿಸುತ್ತದೆ. ಆಜ್ಞೆ ಕೆಲಸ ಮಾಡಿದರೆ ಎಕ್ಸ್‌ಪ್ಲೋರರ್‌ನ ಎಡಬದಿಯಲ್ಲಿರುವ ಲಿನಕ್ಸ್ ಗುರುತಿನೊಳಗೆ ನಿಮ್ಮ ಲಿನಕ್ಸ್‌ನ ಹೆಸರಿರುವ ಫೋಲ್ಡರ್ (ಉಬುಂಟು ಇತ್ಯಾದಿ), ಅದರೊಳಗೆ ಎಂಎನ್‌ಟಿ, ಅದರೊಳಗೆ ಡಬ್ಲ್ಯುಎಸ್‌ಎಲ್ ಫೋಲ್ಡರ್ ತೆರೆಯಿರಿ. ನಿಮ್ಮ ಫೈಲ್‌ಗಳು ಅಲ್ಲಿರುತ್ತವೆ. ಎಳೆದು ವಿಂಡೋಸ್ ಫೋಲ್ಡರ್‌ಗೆ ಹಾಕಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಅನ್‌ಮೌಂಟ್ ಆದೇಶ ಕೊಟ್ಟ ನಂತರವೇ ಕೇಬಲ್ ತೆಗೆಯಿರಿ.

ಇದಕ್ಕೂ ಮಿತಿಗಳಿವೆ. ಡಬ್ಲ್ಯುಎಸ್‌ಎಲ್‌ಗೆ ಕೊಡುವುದಾದರೆ ಇಡೀ ಡಿಸ್ಕನ್ನೇ ಕೊಡಬೇಕು. ಹಾಗಾಗಿ ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟವರಿಗೆ ಇದು ಆಗಿಬರುವುದಿಲ್ಲ. ತಾನು ಓಡುತ್ತಿರುವ ಡಿಸ್ಕನ್ನು ವಿಂಡೋಸ್ ಬಿಟ್ಟುಕೊಡಲಾರದು. ಯುಎಸ್‌ಬಿ ಹಾರ್ಡ್ ಡಿಸ್ಕ್ ನಡೆಯುತ್ತದೆ. ಪೆನ್‌ಡ್ರೈವ್ ನೇರವಾಗಿ ನಡೆಯುವುದಿಲ್ಲ. ಅದಕ್ಕೆ ಯುಎಸ್‌ಬಿಐಪಿಡಿ ಎಂಬ ಬೇರೆ ಸಾಫ್ಟ್‌ವೇರ್ ಬೇಕು. ಎಲ್‌ವಿಎಂ ಅಥವಾ ಲಕ್ಸ್ ಇದ್ದರೆ ಮೌಂಟ್ ಜೊತೆ ‘ಬೇರ್’ ಆಯ್ಕೆ ಕೊಟ್ಟು ಡಿಸ್ಕನ್ನು ಬರೀ ಜೋಡಿಸಿ. ಉಳಿದ ಕೆಲಸವನ್ನು ಲಿನಕ್ಸ್ ಒಳಗಿನ ಸಲಕರಣೆಗಳಿಂದ ಮಾಡಿಕೊಳ್ಳಬೇಕು.

ಫೈಲ್ ತೆರೆಯಲು ಅನುಮತಿ ಇಲ್ಲ ಎಂದು ಬಂದರೆ ಗಾಬರಿ ಬೇಡ. ಲಿನಕ್ಸ್ ಪ್ರತಿ ಫೈಲಿನ ಒಡೆಯರನ್ನು ನೆನಪಿಡುವುದು ಹೆಸರಿನಿಂದಲ್ಲ, ಸಂಖ್ಯೆಯಿಂದ. ಬಹುತೇಕ ಲಿನಕ್ಸ್‌ಗಳಲ್ಲಿ ಮೊದಲ ಬಳಕೆದಾರರ ಸಂಖ್ಯೆ 1000. ಹಾಗಾಗಿ ಎಷ್ಟೋ ಸಲ ಎರಡೂ ಕಡೆ ಒಂದೇ ಆಗಿ ಕೆಲಸ ಸಲೀಸಾಗುತ್ತದೆ. ಹೊಂದದಿದ್ದರೆ ಲಿನಕ್ಸ್‌ನಲ್ಲಿ ಪೂರ್ಣ ಅಧಿಕಾರ ಕೊಡುವ ಸುಡೋ ಆದೇಶ ಬಳಸಿ ನಕಲು ಮಾಡಿ. ಹಳೆಯ ಡಿಸ್ಕಿನ ಅನುಮತಿಗಳನ್ನೇ ಬದಲಾಯಿಸಲು ಹೋಗಬೇಡಿ. ಆ ಡಿಸ್ಕ್ ಮತ್ತೆ ಲಿನಕ್ಸ್‌ಗೆ ಹೋದಾಗ ತೊಂದರೆಯಾಗುತ್ತದೆ.

ಓದುವ ಸಾಫ್ಟ್‌ವೇರ್‌ಗಳು, ಡ್ರೈವರ್‌ಗಳು

ಲಿನಕ್ಸ್ ಬೇಡವೇ ಬೇಡ ಅನ್ನುವವರಿಗೆ ಡಿಸ್ಕ್‌ಇಂಟರ್ನಲ್ಸ್ ಕಂಪನಿಯ ಲಿನಕ್ಸ್ ರೀಡರ್ ಇದೆ. ಉಚಿತ, ಇಎಕ್ಸ್‌ಟಿ ಕುಟುಂಬವನ್ನು ಓದುತ್ತದೆ, ಡಿಸ್ಕಿಗೆ ಬರೆಯುವುದಿಲ್ಲ. ಬರೆಯದಿರುವುದೇ ಅದರ ಒಳ್ಳೆಯ ಗುಣ ಎನ್ನುತ್ತೇನೆ. ಡಿಸ್ಕಿನ ಇಮೇಜ್ (ಇಡೀ ಡಿಸ್ಕಿನ ಪಡಿಯಚ್ಚು) ಫೈಲ್ ಇದ್ದರೆ 7-ಝಿಪ್ ಕೂಡ ಇಎಕ್ಸ್‌ಟಿ4 ತೆರೆದು ತೋರಿಸುತ್ತದೆ. ಬಿಟಿಆರ್‌ಎಫ್‌ಎಸ್‌ಗೆ ವಿನ್‌ಬಿಟಿಆರ್‌ಎಫ್‌ಎಸ್ ಎಂಬ ಮುಕ್ತ ಡ್ರೈವರ್ ಇದೆ. ದುಡ್ಡು ಕೊಡುವವರಿಗೆ ಪ್ಯಾರಗನ್ ಕಂಪನಿಯ ಡ್ರೈವರ್ ಇದೆ. ಅದು ಓದುವುದೂ ಬರೆಯುವುದೂ ಎರಡನ್ನೂ ಮಾಡುತ್ತದೆ.

ಹಳೆಯ ಸಲಹೆಗಳಲ್ಲಿ ಈಗಲೂ ಎಕ್ಸ್ಟ್2ಎಫ್‌ಎಸ್‌ಡಿ ಎಂಬ ವಿಂಡೋಸ್ ಡ್ರೈವರಿನ ಹೆಸರು ಕಾಣುತ್ತದೆ. ಅದನ್ನು ನಾನು ಶಿಫಾರಸು ಮಾಡುವುದಿಲ್ಲ. ಮೂಲ ಯೋಜನೆ 2017ರಲ್ಲೇ ನಿಂತಿತು. ಅದಕ್ಕೂ ಮುಂಚೆ, 2016ರಲ್ಲಿ, ಇಎಕ್ಸ್‌ಟಿ4 ತಯಾರಿಸುವ ಸಲಕರಣೆಗಳು ಎರಡು ಹೊಸ ಗುಣಗಳನ್ನು ತಾವಾಗಿಯೇ ಸೇರಿಸಲು ಶುರು ಮಾಡಿದ್ದವು. ಒಂದು, 64 ಬಿಟ್ ಬ್ಲಾಕ್ ಸಂಖ್ಯೆ. ಇನ್ನೊಂದು, ಒಳಗಿನ ಲೆಕ್ಕ ಕೆಟ್ಟಿದೆಯೇ ಎಂದು ತಾಳೆ ನೋಡುವ ಚೆಕ್‌ಸಮ್. ಇವನ್ನು ಸರಿಯಾಗಿ ಅರಿಯದ ಡ್ರೈವರ್ ಡಿಸ್ಕಿಗೆ ಬರೆದರೆ ಚೆಕ್‌ಸಮ್ ತಪ್ಪಾಗುತ್ತದೆ. ಲಿನಕ್ಸ್‌ಗೆ ವಾಪಸ್ ಹಾಕಿದಾಗ ಫೈಲ್ ಸಿಸ್ಟಮ್ ಹಾಳಾಗಿದೆ ಎಂಬ ದೂರು ಬರುತ್ತದೆ.

ಮ್ಯಾಕ್‌ನಲ್ಲಿ ಆಯ್ಕೆಗಳು ಕಡಿಮೆ. ಪ್ಯಾರಗನ್‌ನ ಇಎಕ್ಸ್‌ಟಿಎಫ್‌ಎಸ್ ದುಡ್ಡಿನದು. ಉಚಿತವಾಗಿ ಮ್ಯಾಕ್‌ಫ್ಯೂಸ್ (ಬೇರೆ ಫೈಲ್ ಸಿಸ್ಟಮ್‌ಗಳನ್ನು ಮ್ಯಾಕ್‌ಗೆ ಸೇರಿಸುವ ಸಾಫ್ಟ್‌ವೇರ್) ಮೇಲೆ ಓಡುವ ಓದು-ಮಾತ್ರದ ಇಎಕ್ಸ್‌ಟಿ4ಫ್ಯೂಸ್ ಇದೆ. ಆದರೆ ಆ್ಯಪಲ್ ಸಿಲಿಕಾನ್ (ಆ್ಯಪಲ್‌ನದೇ ಚಿಪ್ ಇರುವ) ಮ್ಯಾಕ್‌ಗಳಲ್ಲಿ ಮ್ಯಾಕ್‌ಫ್ಯೂಸ್‌ನ ಕರ್ನಲ್ ಭಾಗಕ್ಕೆ ಒಪ್ಪಿಗೆ ಕೊಡಲು ರಿಕವರಿಗೆ ಹೋಗಿ ಭದ್ರತೆಯ ಮಟ್ಟ ಇಳಿಸಬೇಕು. ಎನಿಲಿನಕ್ಸ್‌ಎಫ್‌ಎಸ್ ಎಂಬ ಹೊಸ ಸಾಫ್ಟ್‌ವೇರ್ ಹಿಡಿದಿರುವ ದಾರಿ ನನಗೆ ಹೆಚ್ಚು ಇಷ್ಟ. ಅದು ಪುಟ್ಟ ಲಿನಕ್ಸ್ ವರ್ಚುವಲ್ ಮೆಷೀನ್ ಎಬ್ಬಿಸಿ, ಡಿಸ್ಕನ್ನು ಅದರಿಂದ ಓದಿಸಿ, ನೆಟ್‌ವರ್ಕ್ ಮೇಲೆ ಫೈಲ್ ಹಂಚುವ ಎನ್‌ಎಫ್‌ಎಸ್ ಮೂಲಕ ಮ್ಯಾಕ್‌ಗೆ ತೋರಿಸುತ್ತದೆ. ಡಬ್ಲ್ಯುಎಸ್‌ಎಲ್‌ನ ಯೋಚನೆಯೇ ಇಲ್ಲೂ ಇದೆ.

ಬರೆಯುವ ಮುನ್ನ

ಓದುವುದರಲ್ಲಿ ತಪ್ಪಾದರೆ ಫೈಲ್ ಕಾಣಿಸಲಿಲ್ಲ, ಅಷ್ಟೇ. ಬರೆಯುವುದರಲ್ಲಿ ತಪ್ಪಾದರೆ ಇದ್ದದ್ದೂ ಹೋಗುತ್ತದೆ. ಇಎಕ್ಸ್‌ಟಿ4ನಲ್ಲಿ ಜರ್ನಲ್ ಎಂಬ ಭಾಗವಿದೆ. ಮುಖ್ಯ ಬದಲಾವಣೆಗಳನ್ನು ಮೊದಲು ಅಲ್ಲಿ ಬರೆದು, ಆಮೇಲೆ ಸರಿಯಾದ ಜಾಗಕ್ಕೆ ಹಾಕುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಜರ್ನಲ್ ನೋಡಿ ಬಾಕಿ ಕೆಲಸ ಮುಗಿಸುತ್ತದೆ. ಸರಿಯಾಗಿ ಶಟ್‌ಡೌನ್ ಆಗದ ಡಿಸ್ಕಿನಲ್ಲಿ ಈ ಬಾಕಿ ಉಳಿದಿರುತ್ತದೆ. ಜರ್ನಲ್ ಓದದ ಸಾಫ್ಟ್‌ವೇರ್ ಹಳೆಯ ಸ್ಥಿತಿಯನ್ನು ತೋರಿಸಬಹುದು. ಸ್ವತಃ ಲಿನಕ್ಸ್ ಕೂಡ, ಓದಲು ಮಾತ್ರ ಎಂದು ಹೇಳಿ ಮೌಂಟ್ ಮಾಡಿದರೂ, ಜರ್ನಲ್ ಬಾಕಿ ಇದ್ದರೆ ಅದನ್ನು ಮುಗಿಸಲು ಡಿಸ್ಕಿಗೆ ಬರೆಯುತ್ತದೆ. ಒಂದು ಬಿಟ್ ಕೂಡ ಬದಲಾಗಬಾರದು ಎಂದಿದ್ದರೆ ‘ನೋಲೋಡ್’ ಆಯ್ಕೆ ಕೊಡಬೇಕು.

ಎಲ್ಲಕ್ಕಿಂತ ಅಪಾಯದ್ದು ಹೈಬರ್ನೇಟ್. ಲಿನಕ್ಸನ್ನು ಹೈಬರ್ನೇಟ್ ಮಾಡಿದಾಗ ಮೆಮರಿಯಲ್ಲಿದ್ದ ಎಲ್ಲವೂ, ಫೈಲ್ ಸಿಸ್ಟಮ್‌ನ ಆ ಹೊತ್ತಿನ ಲೆಕ್ಕ ಸಮೇತ, ಡಿಸ್ಕಿಗೆ ಹೋಗುತ್ತದೆ. ಆಗ ನೀವು ವಿಂಡೋಸ್‌ನಿಂದ ಆ ಪಾರ್ಟಿಷನ್ನಿಗೆ ಒಂದು ಫೈಲ್ ಬರೆದಿರಿ ಅನ್ನಿ. ಲಿನಕ್ಸ್ ಎಚ್ಚರವಾದಾಗ ಅದರ ನೆನಪಿನಲ್ಲಿರುವುದು ಹಳೆಯ ಲೆಕ್ಕ, ಡಿಸ್ಕಿನಲ್ಲಿರುವುದು ಹೊಸದು. ಹಳೆಯ ಲೆಕ್ಕದ ಮೇಲೆಯೇ ಅದು ಬರೆಯುತ್ತಾ ಹೋಗುತ್ತದೆ. ಇದರ ಉಲ್ಟಾ ಕೂಡ ನಿಜ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಒಂದು ಬಗೆಯ ಅರೆ ಹೈಬರ್ನೇಟೇ. ಎರಡೂ ವ್ಯವಸ್ಥೆ ಇಟ್ಟುಕೊಂಡವರು ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ನಕಲು ಮಾಡುವಾಗ ಹೆಸರುಗಳೂ ಕಾಡುತ್ತವೆ. ಲಿನಕ್ಸ್‌ನಲ್ಲಿ ಓರೆಗೆರೆ ಮತ್ತು ಶೂನ್ಯ ಬೈಟ್ ಬಿಟ್ಟು ಹೆಸರಿನಲ್ಲಿ ಏನು ಬೇಕಾದರೂ ಇರಬಹುದು. ವಿಂಡೋಸ್ ಕೋಲನ್, ಪ್ರಶ್ನೆಚಿಹ್ನೆ, ನಕ್ಷತ್ರ ಚಿಹ್ನೆಗಳನ್ನು ಒಪ್ಪುವುದಿಲ್ಲ. ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರಗಳಲ್ಲಿ ಮಾತ್ರ ಬೇರೆಯಾದ ಎರಡು ಫೈಲ್ ಒಂದೇ ಫೋಲ್ಡರ್‌ನಲ್ಲಿದ್ದರೆ ಒಂದು ಇನ್ನೊಂದನ್ನು ಅಳಿಸಿಬಿಡಬಹುದು. ಕನ್ನಡದಲ್ಲಿ ಉದ್ದ ಹೆಸರಿಡುವವರಿಗೆ ಇನ್ನೊಂದು ವಿಷಯ. ಇಎಕ್ಸ್‌ಟಿ4ನಲ್ಲಿ ಹೆಸರಿಗೆ ಸಿಗುವುದು 255 ಬೈಟ್. ಯೂನಿಕೋಡ್‌ನ ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್ ಬೇಕು. ‘ಕ್ಷ’ ಎಂಬ ಒಂದೇ ಅಕ್ಷರದಲ್ಲಿ ಅಂಥ ಮೂರು ಸಂಕೇತಗಳಿವೆ, ಅಂದರೆ 9 ಬೈಟ್. ಎನ್‌ಟಿಎಫ್‌ಎಸ್ ಲೆಕ್ಕ ಬೇರೆ. ಅಲ್ಲಿ ಇಂಥ 255 ಸಂಕೇತ ಹಿಡಿಯುತ್ತವೆ, ಇಎಕ್ಸ್‌ಟಿ4ನಲ್ಲಿ 85 ಮಾತ್ರ. ಆದ್ದರಿಂದ ವಿಂಡೋಸ್‌ನಿಂದ ಲಿನಕ್ಸ್ ಡಿಸ್ಕಿಗೆ ಹೋಗುವಾಗ ಉದ್ದದ ಕನ್ನಡ ಹೆಸರಿನ ಫೈಲ್‌ಗಳು ನಿಂತುಬಿಡಬಹುದು.

ಈಗಾಗಲೇ ಫಾರ್ಮ್ಯಾಟ್ ಒತ್ತಿದ್ದರೆ

ಅಲ್ಲಿಗೇ ನಿಲ್ಲಿಸಿ. ಆ ಡಿಸ್ಕಿಗೆ ಇನ್ನೇನೂ ಬರೆಯಬೇಡಿ. ಕ್ವಿಕ್ ಫಾರ್ಮ್ಯಾಟ್ ಹೊಸ ಫೈಲ್ ಸಿಸ್ಟಮ್‌ಗೆ ಬೇಕಾದಷ್ಟು ಜಾಗದ ಮೇಲೆ ಮಾತ್ರ ಬರೆಯುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಉಳಿದದ್ದು ಸಾಮಾನ್ಯವಾಗಿ ಹಾಗೇ ಇರುತ್ತದೆ. ಸೂಪರ್‌ಬ್ಲಾಕ್‌ನ ಪ್ರತಿಗಳನ್ನು ಇಎಕ್ಸ್‌ಟಿ4 ಡಿಸ್ಕಿನ ಹಲವು ಕಡೆ ಇಟ್ಟಿರುತ್ತದೆ. ಬ್ಲಾಕ್ ಗಾತ್ರ 4 ಕಿಲೋಬೈಟ್ ಇದ್ದರೆ ಮೊದಲ ಪ್ರತಿ 32768ನೇ ಬ್ಲಾಕ್‌ನಲ್ಲಿರುತ್ತದೆ. ಲಿನಕ್ಸ್‌ನ ಇ2ಎಫ್‌ಎಸ್‌ಸಿಕೆ ಎಂಬ ರಿಪೇರಿ ಸಲಕರಣೆಗೆ ಆ ಸಂಖ್ಯೆ ಕೊಟ್ಟು ರಿಪೇರಿ ಮಾಡಿಸಬಹುದು. ಆದರೆ ರಿಪೇರಿ ಎಂದರೆ ಡಿಸ್ಕಿಗೆ ಬರೆಯುವುದು. ಅದಕ್ಕೆ ಮುಂಚೆ ಡಿಡಿರೆಸ್ಕ್ಯೂ ಎಂಬ ಸಾಫ್ಟ್‌ವೇರ್ ಬಳಸಿ ಇಡೀ ಡಿಸ್ಕಿನ ಇಮೇಜ್ ಇನ್ನೊಂದು ಡಿಸ್ಕಿಗೆ ತೆಗೆದುಕೊಂಡು, ಆ ಪ್ರತಿಯ ಮೇಲೇ ಪ್ರಯತ್ನ ಮಾಡಿ. ಪಾರ್ಟಿಷನ್ ಪಟ್ಟಿ ಹೋಗಿದ್ದರೆ ಟೆಸ್ಟ್‌ಡಿಸ್ಕ್ ಹುಡುಕಿಕೊಡುತ್ತದೆ. ಏನೂ ಆಗದಿದ್ದರೆ ಫೋಟೋರೆಕ್ ಫೈಲ್‌ಗಳನ್ನು ಅವುಗಳ ಒಳಗಿನ ಗುರುತಿನಿಂದಲೇ ಹೆಕ್ಕುತ್ತದೆ. ಹೆಸರು, ಫೋಲ್ಡರ್ ಮಾತ್ರ ಸಿಗುವುದಿಲ್ಲ. ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ ಇವ್ಯಾವುದನ್ನೂ ಮಾಡದೆ ಡೇಟಾ ರಿಕವರಿ ಬಲ್ಲವರಿಗೆ ಕೊಡಿ.

ಎರಡೂ ಕಡೆ ಓಡಾಡುವ ಡಿಸ್ಕನ್ನು ಈಗ ಹೊಸದಾಗಿ ಸಿದ್ಧ ಮಾಡುವುದಾದರೆ ಎಕ್ಸ್‌ಫ್ಯಾಟ್ ಆರಿಸಿ. ಅದರ ವಿವರಗಳನ್ನು ಮೈಕ್ರೋಸಾಫ್ಟ್ 2019ರಲ್ಲಿ ಪ್ರಕಟಿಸಿತು. ಅದಾದ ಮೇಲೆ ಲಿನಕ್ಸ್ ಕರ್ನಲ್ ಒಳಗೇ ಅದರ ಡ್ರೈವರ್ ಬಂದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರೂ ಓದಿ ಬರೆಯುತ್ತವೆ. ಫ್ಯಾಟ್32ರ ಹಾಗೆ 4 ಗಿಗಾಬೈಟ್ ಫೈಲ್ ಮಿತಿಯೂ ಇಲ್ಲ. ಜರ್ನಲ್ ಇಲ್ಲದಿರುವುದರಿಂದ ಇಜೆಕ್ಟ್ ಮಾಡದೆ ಎಳೆಯಬೇಡಿ. ಲಿನಕ್ಸ್‌ನ ಅನುಮತಿ, ಒಡೆತನ, ಸಿಂಬಾಲಿಕ್ ಲಿಂಕ್‌ಗಳು (ಇನ್ನೊಂದು ಫೈಲನ್ನು ತೋರಿಸುವ ಕೊಂಡಿಗಳು) ಅದರಲ್ಲಿ ಉಳಿಯುವುದಿಲ್ಲ. ಅವು ಬೇಕಾದ ಫೋಲ್ಡರ್‌ಗಳನ್ನು ಮೊದಲು ಲಿನಕ್ಸ್‌ನಲ್ಲೇ ಒಂದು ಟಾರ್ ಫೈಲ್ ಆಗಿ ಕಟ್ಟಿ, ಆ ಒಂದು ಫೈಲನ್ನು ಎಕ್ಸ್‌ಫ್ಯಾಟ್ ಡಿಸ್ಕಿಗೆ ಹಾಕಿ. ಇನ್ನೊಂದು ಲಿನಕ್ಸ್‌ನಲ್ಲಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಬಿಚ್ಚಿದರೆ ಎಲ್ಲವೂ ಮೊದಲಿದ್ದಂತೆಯೇ ಬರುತ್ತವೆ.